ಟ್ರಯಲ್‌ನಿಂದ ಮೊದಲ ಲೋನ್‌ವರೆಗೆ: ಒಬ್ಬ ಫಾರ್ವರ್ಡ್ ಹುಡುಗನ 17 ತಿಂಗಳು

ಬೆಂಗಳೂರಿನ ಫುಟ್‌ಬಾಲ್ ಹುಡುಗ. ಆಡುವುದು ಒಂಬತ್ತನೇ ನಂಬರಿನ ಜಾಗದಲ್ಲಿ, ಅಂದರೆ ಗೋಲು ಹೊಡೆಯಲು ಎಲ್ಲರಿಗಿಂತ ಮುಂದೆ ನಿಲ್ಲುವ ಫಾರ್ವರ್ಡ್, ಸ್ಟ್ರೈಕರ್. ಮೊದಲ ಟ್ರಯಲ್‌ಗೆ ಹೋದಾಗ ವಯಸ್ಸು 16 ವರ್ಷ 8 ತಿಂಗಳು. ಪ್ರೊಫೆಷನಲ್ ಅಂತ ನೋಂದಣಿಯಾಗಿ, ಲೋನ್ ಮೇಲೆ, ಅಂದರೆ ತನ್ನ ಕ್ಲಬ್‌ನ ಒಪ್ಪಂದದಲ್ಲೇ ಇದ್ದು ಸ್ವಲ್ಪ ಕಾಲ ಆಡಲು, ಇನ್ನೊಂದು ಕ್ಲಬ್‌ಗೆ ಹೋಗಿ, 18 ತುಂಬಿ, ಬ್ಯಾಂಕಿನಲ್ಲಿ ಹೊಸ ಸಹಿ ಹಾಕುವಷ್ಟರಲ್ಲಿ 17 ತಿಂಗಳು ಸವೆದವು. ಅಷ್ಟು ದಿನ ಅವನ ಫೈಲು ಹಿಡಿದು ಓಡಾಡಿದ ಮನೆಯವರ ಕಡೆಯಿಂದ ಈ ಬರಹ. ಗೋಲು ಹೊಡೆಯುವುದು ಹೇಗೆಂದು ಹೇಳಿಕೊಡಲು ಕೋಚ್‌ಗಳಿದ್ದಾರೆ. ಹೊಡೆಯಲು ಮೈದಾನಕ್ಕೆ ಇಳಿಯುವ ಮುಂಚೆ ಏನೇನು ಅಡ್ಡ ಬರುತ್ತದೆ ಅಂತ ಹೇಳುವವರು ಕಡಿಮೆ.

ಶುರುವಾದದ್ದು ಮೇ ತಿಂಗಳಲ್ಲಿ. ಟ್ರಯಲ್ ಅಂದರೆ ಕ್ಲಬ್‌ನ ಆಯ್ಕೆಯ ಆಟ: ಒಬ್ಬರಿಗೊಬ್ಬರು ಮುಖ ನೋಡಿರದ 22 ಜನ, ಬೆನ್ನಿಗೆ ನಂಬರಿನ ಮೇಲಂಗಿ (ಬಿಬ್), 20 ನಿಮಿಷದ ಆಟ. ಮೈದಾನದ ನಡುವೆ ಆಡುವ ಮಿಡ್‌ಫೀಲ್ಡರ್‌ಗೆ ಇದು ಅನುಕೂಲ, ಚೆಂಡು ಹೇಗೂ ಅವನ ಕಾಲಿಗೆ ಬರುತ್ತದೆ. ಫಾರ್ವರ್ಡ್‌ನ ಪಾಡು ಬೇರೆ. ಪ್ರತಿಯೊಬ್ಬನಿಗೂ ತನ್ನನ್ನು ತೋರಿಸಿಕೊಳ್ಳುವ ಆತುರ, ಹಾಗಾಗಿ ಮುಂದೆ ನಿಂತವನಿಗೆ ಪಾಸ್ ಬರುವುದೇ ಇಲ್ಲ. 20 ನಿಮಿಷದಲ್ಲಿ ಪೆನಾಲ್ಟಿ ಬಾಕ್ಸ್ ಒಳಗೆ ಮೂರು ಸಲ ಚೆಂಡು ಮುಟ್ಟಿದರೆ ಪುಣ್ಯ. ಇದು ಗೊತ್ತಿಲ್ಲದ ಹುಡುಗರು ಚೆಂಡು ಹುಡುಕಿಕೊಂಡು ಹಾಫ್ ಲೈನ್‌ವರೆಗೆ ಇಳಿದುಬಿಡುತ್ತಾರೆ, ಅಲ್ಲಿಗೆ ಟ್ರಯಲ್ ಮುಗಿಯಿತು.

ಚೆಂಡಿಲ್ಲದ 18 ನಿಮಿಷ ಹುಡುಗ ಏನು ಮಾಡುತ್ತಾನೆ ಅನ್ನುವುದನ್ನೇ ಕೋಚ್‌ಗಳು ಬರೆದುಕೊಳ್ಳುತ್ತಾರೆ. ಪಾಸ್ ಬರುವ ಮುಂಚೆ ಭುಜದ ಮೇಲಿಂದ ಹಿಂದಿರುಗಿ ನೋಡಿದನೇ? ಡಿಫೆಂಡರ್‌ನ ಕಣ್ಣಿಗೆ ಬೀಳದ ಬದಿಯಿಂದ ಓಡಿದನೇ? ಎದುರಾಳಿ ಸೆಂಟರ್ ಬ್ಯಾಕ್ ಬಳಿ ಚೆಂಡಿದ್ದಾಗ ನೇರ ನುಗ್ಗಿದನೋ, ಇಲ್ಲ ಬಿಲ್ಲಿನ ಹಾಗೆ ಬಳಸಿಕೊಂಡು ಹೋಗಿ ಪಕ್ಕದ ಪಾಸ್‌ನ ದಾರಿ ಮುಚ್ಚಿದನೋ? ಚೆಂಡು ಕಳೆದುಕೊಂಡ ಮರುಕ್ಷಣ ಸೊಂಟದ ಮೇಲೆ ಕೈ ಇಟ್ಟು ನಿಂತನೋ? ಈ ಕೊನೆಯದೊಂದಕ್ಕೇ ಎಷ್ಟೋ ಹುಡುಗರ ಹೆಸರಿನ ಮೇಲೆ ಗೆರೆ ಬಿದ್ದಿದೆ.

ಫಾರ್ಮಿನಲ್ಲಿ ಪೊಸಿಷನ್ ಕೇಳಿದಾಗ ಎರಡು ಬರೆಯಬೇಕು. ಬರೀ 'ಸ್ಟ್ರೈಕರ್' ಅಂತ ಬರೆದರೆ ಅದೇ ಜಾಗಕ್ಕೆ 15 ಜನರ ಜೊತೆ ಪೈಪೋಟಿ. 'ಸ್ಟ್ರೈಕರ್, ಎಡ ವಿಂಗ್' ಅಂದರೆ ಎರಡನೇ ಸುತ್ತಿನಲ್ಲಿ ಇನ್ನೊಂದು ಜಾಗದಲ್ಲಿ ನಿಲ್ಲಿಸಿ ನೋಡುತ್ತಾರೆ. ನಮ್ಮ ಹುಡುಗನನ್ನು ಮೂರು ಟ್ರಯಲ್‌ಗಳಲ್ಲಿ ಎರಡು ಕಡೆ ವಿಂಗ್‌ನಲ್ಲೇ, ಅಂದರೆ ಮೈದಾನದ ಅಂಚಿನಲ್ಲೇ, ಆಡಿಸಿದರು. ಆಯ್ಕೆಯಾದದ್ದೂ ಅಲ್ಲಿಂದಲೇ.

ಶೂ ವಿಷಯ ಸಣ್ಣದಲ್ಲ. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನದ್ದು ಕೃತಕ ಹುಲ್ಲು. ಕ್ಲಬ್‌ಗಳ ತರಬೇತಿ ಮೈದಾನ ಹಲವು ಕಡೆ ನಿಜವಾದ ಹುಲ್ಲು. ನಿಜವಾದ ಹುಲ್ಲಿಗೆಂದು ಮಾಡಿದ, ತಳದಲ್ಲಿ ಉದ್ದ ಸ್ಟಡ್‌ ಇರುವ ಎಫ್‌ಜಿ ಶೂ ಕೃತಕ ಹುಲ್ಲಿನಲ್ಲಿ ಕಚ್ಚಿಕೊಳ್ಳುತ್ತದೆ: ದೇಹ ತಿರುಗುತ್ತದೆ, ಪಾದ ತಿರುಗುವುದಿಲ್ಲ, ಮಂಡಿ ತಿರುಚುತ್ತದೆ. ಕೃತಕ ಹುಲ್ಲಿನ ಎಜಿ ಅಥವಾ ಟರ್ಫ್ ಶೂ ಒಂದು ಜೊತೆ, ಎಫ್‌ಜಿ ಒಂದು ಜೊತೆ, ಎರಡನ್ನೂ ಮೊದಲೇ ಎರಡು ವಾರ ಹಾಕಿ ಪಳಗಿಸಿರಬೇಕು. ಟ್ರಯಲ್ ದಿನ ಹೊಸ ಶೂ ಹಾಕಿ ಹಿಮ್ಮಡಿ ಗುಳ್ಳೆಯೆದ್ದು ಕುಂಟಿದವರನ್ನು ಪ್ರತಿ ಟ್ರಯಲ್‌ನಲ್ಲೂ ನೋಡಬಹುದು.

ದುಡ್ಡು ಕೇಳುವ ಟ್ರಯಲ್‌ಗಳ ಬಗ್ಗೆ ಒಂದು ಮಾತು. ಮೈದಾನದ ಖರ್ಚು ಅಂತ ಇನ್ನೂರು ಮುನ್ನೂರು ರೂಪಾಯಿ ಕೇಳುವವರು ಇದ್ದಾರೆ, ಅದು ಬೇರೆ. ದೇಶದ ದೊಡ್ಡ ಲೀಗ್ ಆದ ಐಎಸ್‌ಎಲ್ ಹೆಸರು ಎತ್ತಿ 'ಐಎಸ್‌ಎಲ್ ಕ್ಲಬ್‌ಗೆ ಆಟಗಾರರನ್ನು ಹುಡುಕುವ ಸ್ಕೌಟ್ ಬರುತ್ತಾರೆ, ಸೀಟು ಖಚಿತ' ಅಂತ ಹೇಳಿ ಸಾವಿರಗಟ್ಟಲೆ ಕೇಳಿದರೆ ಫೋನ್ ಇಡಿ. ಹುಡುಗನನ್ನು ನಿಜವಾಗಿ ಬಯಸುವ ಕ್ಲಬ್ ಅವನಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ವಿಡಿಯೋ ಕೇಳಿದರೆ ಮೂರು ನಿಮಿಷದ ಹೈಲೈಟ್ಸ್ ಜೊತೆಗೆ ಒಂದು ಪೂರ್ತಿ ಪಂದ್ಯವನ್ನೂ ಕಳಿಸಿ, ಅದರಲ್ಲೂ ಸೋತ ಪಂದ್ಯವಾದರೆ ಒಳ್ಳೆಯದು. ಹೈಲೈಟ್ಸ್‌ನಲ್ಲಿ ಎಲ್ಲರೂ ಮೆಸ್ಸಿಯೇ.

ಟ್ರಯಲ್ ಮುಗಿದು 'ಫೋನ್ ಮಾಡ್ತೀವಿ' ಅಂದ ಮೇಲೆ 19 ದಿನ ಮೌನ. ಇದು ಮಾಮೂಲು. ಮೊದಲ ವಾರ ನಾವೇ ಫೋನ್ ಮಾಡುವುದು ಬೇಡ. ಎರಡನೇ ವಾರ ಒಂದೇ ಒಂದು ಮೆಸೇಜ್ ಹಾಕಿ, ಬಿಬ್ ನಂಬರು ಬರೆಯಿರಿ. ಅವರ ಬಳಿ ಹೆಸರಿಗಿಂತ ನಂಬರೇ ಇರುತ್ತದೆ.

ಇಪ್ಪತ್ತನೇ ದಿನ ಬಂದ ಕರೆ ವಯಸ್ಸಿನ ಪರೀಕ್ಷೆಗೆ. ಚಿಕ್ಕವರಿಗೆ ಎಡಗೈಯ ಎಕ್ಸ್‌ರೇ ತೆಗೆದು ಟಿಡಬ್ಲ್ಯೂ3 ಅನ್ನುವ ವಿಧಾನದಲ್ಲಿ 13 ಎಲುಬುಗಳಿಗೆ ಅಂಕ ಹಾಕಿ ಮೂಳೆಯ ವಯಸ್ಸು ಲೆಕ್ಕ ಹಾಕುತ್ತಾರೆ. ಹುಡುಗರಲ್ಲಿ ಹದಿನಾರೂವರೆ ವರ್ಷದ ಹೊತ್ತಿಗೆ ಆ ಅಳತೆ ಪೂರ್ತಿಯಾಗಿಬಿಡುತ್ತದೆ, ಅದರಾಚೆ ಅದು ಏನೂ ಹೇಳಲಾರದು. ಹಾಗಾಗಿ 17ರ ಒಳಗಿನವರ ತಂಡಕ್ಕೆ ಮಣಿಕಟ್ಟಿನ ಎಂಆರ್‌ಐ. ಫಿಫಾ 2009ರ 17 ವರ್ಷದೊಳಗಿನವರ ವಿಶ್ವಕಪ್‌ನಿಂದ ಇದನ್ನೇ ಬಳಸುತ್ತಿದೆ. ಮುಂಗೈ ಮೂಳೆಯ ತುದಿಯ ಬೆಳವಣಿಗೆಯ ಪಟ್ಟಿ ಪೂರ್ತಿ ಬೆಸೆದುಕೊಂಡಿದ್ದರೆ ಆರನೇ ದರ್ಜೆ, ಆ ಟೂರ್ನಿಗೆ ಹುಡುಗ ಅನರ್ಹ. ಇಲ್ಲೊಂದು ಸೂಕ್ಷ್ಮ ಇದೆ. ನಿಜವಾಗಿಯೂ 16 ವರ್ಷದ ಕೆಲವೇ ಕೆಲವು ಹುಡುಗರಲ್ಲಿ ಈ ಪಟ್ಟಿ ಬೇಗ ಬೆಸೆದಿರುತ್ತದೆ. ಅಂಥವರ ಜನನ ಪ್ರಮಾಣಪತ್ರ ಸುಳ್ಳು ಅಂತ ಅರ್ಥವಲ್ಲ, ಆದರೂ ಆ ವಯೋಮಿತಿಯ ಬಾಗಿಲು ಮುಚ್ಚುತ್ತದೆ. ಹಾಗಾದರೆ ಎದೆಗುಂದದೆ ಸೀನಿಯರ್ ಅಥವಾ 21ರೊಳಗಿನವರ ತಂಡದ ಮಾತು ಎತ್ತಬೇಕು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಊರಿನವರೇ. ಅವರ ಮಣಿಕಟ್ಟನ್ನು ಯಾರೂ ಕೇಳಿರಲಿಲ್ಲ ಅಂತ ರೇಡಿಯಾಲಜಿ ಬೆಂಚಿನ ಮೇಲೆ ಕೂತಾಗ ಅನಿಸಿತು.

ಎಂಆರ್‌ಐ ಪಾಸಾಯಿತು. ನಿಜವಾದ ಕಷ್ಟ ಶುರುವಾದದ್ದು ಇನಿಷಿಯಲ್‌ನಿಂದ.

ನಮ್ಮಲ್ಲಿ ಹೆಸರಿನ ಮುಂದೆ ಒಂದಕ್ಷರ, ಹಿಂದೆ ಒಂದಕ್ಷರ, ಕೆಲವೊಮ್ಮೆ ಊರಿನದ್ದೊಂದು, ಅಪ್ಪನದ್ದೊಂದು. ಹುಡುಗನ ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದು ಇನಿಷಿಯಲ್. ಆಧಾರ್‌ನಲ್ಲಿ ಅದೇ ಇನಿಷಿಯಲ್ ಮುಂದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಪೂರ್ತಿ ಹೆಸರು. ನಮಗೆ ಇವೆಲ್ಲ ಒಂದೇ ಹುಡುಗ, ಕಂಪ್ಯೂಟರ್‌ಗೆ ನಾಲ್ಕು ಜನ. ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್‌ನ ಸಿಆರ್‌ಎಸ್, ಅಂದರೆ ದೇಶದ ಎಲ್ಲ ಆಟಗಾರರ ನೋಂದಣಿ ನಡೆಯುವ ಆನ್‌ಲೈನ್ ವ್ಯವಸ್ಥೆಯಲ್ಲಿ, ಒಬ್ಬ ಆಟಗಾರನಿಗೆ ಒಂದೇ ಐಡಿ. ಅದೇ ಅವನ ಜೀವಮಾನದ ಐಡಿ.

ಯಾವುದನ್ನು ಮೂಲವಾಗಿ ಇಟ್ಟುಕೊಳ್ಳಬೇಕು ಅನ್ನುವ ಪ್ರಶ್ನೆಗೆ ನಮಗೆ ಉತ್ತರ ಸಿಕ್ಕಿದ್ದು ಮೂರನೇ ಸಲ ಫೈಲು ವಾಪಸಾದ ಮೇಲೆ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ತಿದ್ದಲು ಅತ್ಯಂತ ಕಷ್ಟವಾದ ಕಾಗದ ಅದು, ಆದ್ದರಿಂದ ಮಿಕ್ಕ ಎಲ್ಲವನ್ನೂ ಅದಕ್ಕೆ ಹೊಂದಿಸುವುದು ಸುಲಭ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನ ತಿದ್ದಲು ಒಂದೇ. ಅವಸರದಲ್ಲಿ ಒಂದನ್ನು ಸುಟ್ಟುಕೊಳ್ಳಬೇಡಿ. ಹಾಗೇ 15 ತುಂಬಿದ ಮೇಲೆ ಆಧಾರ್‌ನ ಬೆರಳಚ್ಚು, ಕಣ್ಣಿನ ಗುರುತು ಕಡ್ಡಾಯವಾಗಿ ಹೊಸದಾಗಿ ಕೊಡಬೇಕು. ಇದನ್ನು ಮರೆತಿದ್ದರೆ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿದಾಗ 'ಹೊಂದುತ್ತಿಲ್ಲ' ಅಂತ ಬರುತ್ತದೆ. ಎರಡು ಹೆಸರೂ ಒಬ್ಬನದೇ ಅನ್ನುವ ಅಫಿಡವಿಟ್ ಬೇಕಾಗುತ್ತದೆ. ಕರ್ನಾಟಕದಲ್ಲಿ ಅದರ ಇ-ಸ್ಟಾಂಪ್ ಈಗ 20 ರೂಪಾಯಿಯದ್ದಲ್ಲ, 100ರದ್ದು. ಹಳೆಯ ಲೆಕ್ಕದಲ್ಲಿ 20ರದ್ದು ಮಾಡಿಸಿಕೊಂಡು ಹೋದರೆ ಇನ್ನೊಮ್ಮೆ ನೋಟರಿ ಬಾಗಿಲು.

ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ದಿನದ ಕೆಳಗೆ ನೋಂದಣಿಯಾದ ದಿನ ಅಂತ ಇನ್ನೊಂದು ಸಾಲು ಇರುತ್ತದೆ. ಮನೆಯವರು ಅದನ್ನು ನೋಡುವುದೇ ಇಲ್ಲ, ಕ್ಲಬ್‌ನವರು ಮೊದಲು ನೋಡುವುದೇ ಅದನ್ನು. ಹುಟ್ಟಿ ಒಂದು ವರ್ಷದೊಳಗೆ ದಾಖಲಾಗಿದ್ದರೆ ತಂಟೆಯಿಲ್ಲ. ಎಂಟೋ ಹತ್ತೋ ವರ್ಷ ಕಳೆದು ದಾಖಲಾಗಿದ್ದರೆ ವಯಸ್ಸು ಇಳಿಸಿದ್ದಾರೆ ಅನ್ನುವ ಅನುಮಾನ ಬಂದೇ ಬರುತ್ತದೆ. ಹೆಸರಿನ ಜಾಗ ಖಾಲಿ ಬಿಟ್ಟ ಪ್ರಮಾಣಪತ್ರಗಳೂ ಬೇಕಾದಷ್ಟಿವೆ, ಮಗು ಹುಟ್ಟಿದ ವಾರದಲ್ಲೇ ಆಸ್ಪತ್ರೆಯಿಂದ ಹೋದ ವರದಿ ಅದು. ಚಿಕ್ಕ ಹುಡುಗರ ತಂದೆತಾಯಿ ಈಗಲೇ ತೆಗೆದು ನೋಡಲಿ.

ಇಷ್ಟೆಲ್ಲ ಸರಿಮಾಡಿ ಸಿಆರ್‌ಎಸ್‌ಗೆ ಹಾಕಿದರೆ ಅರ್ಜಿ ತಿರಸ್ಕೃತ. ಕಾರಣ: ಈ ಆಟಗಾರ ಈಗಾಗಲೇ ಇದ್ದಾನೆ. ಹನ್ನೆರಡನೇ ವಯಸ್ಸಿನಲ್ಲಿ ಆಡುತ್ತಿದ್ದ ಒಂದು ಅಕಾಡೆಮಿ ಯಾವುದೋ ಟೂರ್ನಿಗಾಗಿ ಅವನನ್ನು ಆಗಲೇ ನೋಂದಾಯಿಸಿತ್ತು. ಅದು ತಪ್ಪಲ್ಲ, ಆದರೆ ಹುಟ್ಟಿದ ದಿನ ತಪ್ಪಾಗಿತ್ತು. ಹುಡುಗ ಹುಟ್ಟಿದ್ದು ಸೆಪ್ಟೆಂಬರ್ 8. ಟೈಪ್ ಮಾಡಿದವರು ತಿಂಗಳು ಮೊದಲು, ದಿನ ಆಮೇಲೆ ಅಂತ ತಿಳಿದು 09/08 ಹೊಡೆದಿದ್ದರು. ವ್ಯವಸ್ಥೆ ಅದನ್ನು ಆಗಸ್ಟ್ 9 ಅಂತ ಓದಿಕೊಂಡಿತು. ಮೂವತ್ತು ದಿನದ ವ್ಯತ್ಯಾಸ. ಐದು ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿದ್ದ ಈ ಎರಡು ಅಂಕಿ ಸರಿಯಾಗಲು ಏಳು ವಾರ ಬೇಕಾಯಿತು. ಹಳೆಯ ಅಕಾಡೆಮಿಯ ಪತ್ರ, ಮೂಲ ಜನನ ಪ್ರಮಾಣಪತ್ರದ ಸ್ಕ್ಯಾನ್, ಅಂಕಪಟ್ಟಿ, ಅಫಿಡವಿಟ್ ಎಲ್ಲ ಒಟ್ಟಾಗಿ ಕ್ಲಬ್ ಮೂಲಕ ರಾಜ್ಯ ಫುಟ್‌ಬಾಲ್ ಸಂಸ್ಥೆಗೆ, ಅಲ್ಲಿಂದ ಮೇಲಕ್ಕೆ. ಮಧ್ಯದಲ್ಲಿ ಒಮ್ಮೆ ಸ್ಕ್ಯಾನ್ ಮಸುಕಾಗಿದೆ ಅಂತ ವಾಪಸ್. ಫೋನಿನಲ್ಲಿ ತೆಗೆದ ಫೋಟೋ ಬೇಡ, ಅಂಗಡಿಗೆ ಹೋಗಿ ಬಣ್ಣದ ಸ್ಕ್ಯಾನ್ ಮಾಡಿಸಿ.

ಹೊಸ ಐಡಿ ಮಾಡಿಸಿಬಿಡೋಣ, ಹಳೆಯದು ಯಾರಿಗೆ ಗೊತ್ತಾಗುತ್ತೆ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಬೇಡವೇ ಬೇಡ. ಹುಡುಗ ಯಾವ ವರ್ಷ ಎಲ್ಲಿ ಕಲಿತ ಅನ್ನುವುದಕ್ಕೆ ಇರುವ ದಾಖಲೆ ಆ ಹಳೆಯ ಐಡಿಯೇ. ಮುಂದೆ ಒಪ್ಪಂದದ ನಡುವೆ ವಿದೇಶಿ ಕ್ಲಬ್ ದುಡ್ಡು ಕೊಟ್ಟು ಕರೆದುಕೊಂಡರೆ ಫಿಫಾ ನಿಯಮದ ಪ್ರಕಾರ ಆ ಶುಲ್ಕದ 5 ಶೇಕಡಾ ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಒಟ್ಟು ಶುಲ್ಕದ 0.25 ಶೇಕಡಾ, ಅದರ ನಂತರದ ಪ್ರತಿ ವರ್ಷಕ್ಕೆ 0.5. ಗಲ್ಲಿಯ ಅಕಾಡೆಮಿಗೂ ಪಾಲು ಬರಬಹುದಾದ ದಾರಿ ಇದು. ನೋಂದಣಿಯಿಲ್ಲದೆ ಆಡಿಸಿದ್ದರೆ ಮಾತ್ರ ಕಾಸೂ ಇಲ್ಲ.

ಐಡಿ ಸರಿಯಾದಾಗ ವರ್ಗಾವಣೆ ವಿಂಡೋ, ಅಂದರೆ ಕ್ಲಬ್‌ಗಳು ಆಟಗಾರರನ್ನು ನೋಂದಾಯಿಸಿಕೊಳ್ಳಬಹುದಾದ ಅವಧಿ, ಮುಚ್ಚಿ 11 ದಿನವಾಗಿತ್ತು. ಪ್ರೊಫೆಷನಲ್ ನೋಂದಣಿಗೆ ಜನವರಿವರೆಗೆ ಕಾಯಬೇಕು. ಹುಡುಗ ಆ ನಾಲ್ಕು ತಿಂಗಳು ತಂಡದ ಜೊತೆ ತರಬೇತಿ ಮಾಡಿದ, ಪಂದ್ಯದ ದಿನ ಗ್ಯಾಲರಿಯಲ್ಲಿ ಕೂತ. ಮನೆಯಲ್ಲಿ ಮಾತು ಕಡಿಮೆಯಾದ ಕಾಲ ಅದು. ಊಟದ ಹೊತ್ತಿಗೆ ಯಾರಾದರೂ 'ಏನಾಯ್ತು' ಅಂತ ಕೇಳಿದರೆ ತಟ್ಟೆ ಎತ್ತಿಕೊಂಡು ಎದ್ದು ಹೋಗುತ್ತಿದ್ದ. ಇಂಥ ಹೊತ್ತಿನಲ್ಲಿ ಹುಡುಗನಿಗೆ ತಾರೀಖು ಗೊತ್ತಿದ್ದರೆ ಅರ್ಧ ಸಮಾಧಾನ. ವಿಂಡೋ ಯಾವತ್ತು ತೆರೆಯುತ್ತದೆ ಅಂತ ಕ್ಲಬ್‌ನಿಂದ ಕೇಳಿ ಕ್ಯಾಲೆಂಡರ್ ಮೇಲೆ ಗುರುತು ಹಾಕಿಡಿ.

ಡಿಸೆಂಬರ್‌ನಲ್ಲಿ ವೈದ್ಯಕೀಯ ಪರೀಕ್ಷೆ. ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್, ವಿಟಮಿನ್ ಡಿ, ಮಂಡಿ, ಪಾದದ ಕೀಲು, ಆಮೇಲೆ ಇಸಿಜಿ. ಮನೆ ಹತ್ತಿರದ ಲ್ಯಾಬ್‌ನಲ್ಲಿ ಮೊದಲೇ ಇಸಿಜಿ ತೆಗೆಸಿಟ್ಟಿದ್ದು ದೊಡ್ಡ ತಪ್ಪು. ಯಂತ್ರವೇ ಹಾಳೆಯ ಮೂಲೆಯಲ್ಲಿ 'ಅಸಹಜ' ಅಂತ ಅಚ್ಚು ಹಾಕಿತು: ನಿಮಿಷಕ್ಕೆ 48 ಬಡಿತ, ಅರ್ಲಿ ರಿಪೋಲರೈಸೇಷನ್ (ಇಸಿಜಿ ಗೆರೆಯ ಒಂದು ಭಾಗ ಮೇಲೆದ್ದಿರುವುದು). ಎರಡು ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ. ಕ್ಲಬ್ ಕಳಿಸಿದ ಹೃದ್ರೋಗ ತಜ್ಞರು ಹಾಳೆ ನೋಡಿ ನಕ್ಕರು. ದಿನಾ ಎರಡು ಗಂಟೆ ಓಡುವ ಹುಡುಗನ ಹೃದಯ ನಿಧಾನಕ್ಕೆ ಬಡಿಯುವುದು, ಆ ಗೆರೆ ಹಾಗೆ ಮೇಲೇಳುವುದು ಎರಡೂ ಕ್ರೀಡಾಪಟುಗಳಲ್ಲಿ ಸಾಮಾನ್ಯ. ಅವರು ಹುಡುಕುವುದು ಬೇರೆಯದನ್ನು: ಕೆಲವು ಲೀಡ್‌ಗಳಲ್ಲಿ ಟಿ ಅಲೆ ತಲೆಕೆಳಗಾಗಿದೆಯೇ, ಹೃದಯದ ಗೋಡೆ ದಪ್ಪವಾಗಿದೆಯೇ. ಅದಕ್ಕೆ ಎಕೋ, ಅಂದರೆ ಹೃದಯದ ಸ್ಕ್ಯಾನ್. ಆಟಗಾರರ ಇಸಿಜಿ ಓದಿ ಅಭ್ಯಾಸವಿರುವ ವೈದ್ಯರ ಬಳಿಯೇ ಹೋಗಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ ಆ ಪ್ರಶ್ನೆಗೆ ಮುಚ್ಚಿಡದೆ ಉತ್ತರಿಸಿ. ಆಸ್ತಮಾ ಇದ್ದು ಇನ್‌ಹೇಲರ್ ಬಳಸುತ್ತಿದ್ದರೆ ಆಗಲೇ ಹೇಳಿಬಿಡಿ. ಇನ್‌ಹೇಲರ್‌ನ ಸಾಲ್ಬುಟಮಾಲ್ ಔಷಧಕ್ಕೆ ಡೋಪಿಂಗ್ ನಿಯಮದಲ್ಲಿ ದಿನಕ್ಕೆ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೆಗಳ ಅವಧಿಯಲ್ಲಿ 600 ಅನ್ನುವ ಮಿತಿ ಇದೆ. ಡೋಪಿಂಗ್ ಪರೀಕ್ಷೆಗೆ ಹದಿನೇಳರ ಹುಡುಗ ಅನ್ನುವ ರಿಯಾಯಿತಿ ಇಲ್ಲ. ಜಿಮ್‌ನವರು ಕೊಡುವ ಡಬ್ಬಿ ಪುಡಿ ಮನೆಯೊಳಗೇ ಬರಬಾರದು.

ಒಪ್ಪಂದ ಕೈಗೆ ಬಂದದ್ದು ಡಿಸೆಂಬರ್ ಕೊನೆಯ ವಾರ, 14 ಪುಟ, ಪೂರ್ತಿ ಇಂಗ್ಲಿಷ್. 'ನಾಳೆ ಸಹಿ ಹಾಕಿ ಕಳಿಸಿ' ಅಂದರು. ಒಂದು ವಾರ ಕೇಳಿದೆವು, ಕೊಟ್ಟರು. ಕೇಳಿದರೆ ಯಾರೂ ಬೈಯುವುದಿಲ್ಲ. ಆಟಗಾರರ ಸಂಘವಾದ ಎಫ್‌ಪಿಎಐಯನ್ನೂ ವಿಚಾರಿಸಬಹುದು. ಕ್ರೀಡಾ ಒಪ್ಪಂದ ನೋಡಿ ಅಭ್ಯಾಸವಿರುವ ವಕೀಲರಾದರೆ ಒಂದೇ ಕೂತಿನಲ್ಲಿ ಓದಿ ಹೇಳುತ್ತಾರೆ, ಆ ಶುಲ್ಕ ದಂಡವಲ್ಲ.

ಮೊದಲು ನೋಡಬೇಕಾದದ್ದು ಅವಧಿ. 18ರೊಳಗಿನ ಆಟಗಾರನ ಒಪ್ಪಂದ ಮೂರು ವರ್ಷಕ್ಕಿಂತ ಹೆಚ್ಚಿರುವಂತಿಲ್ಲ ಅನ್ನುವುದು ಫಿಫಾ ನಿಯಮ, ದೊಡ್ಡವರಿಗಾದರೆ ಐದು. ನಮ್ಮ ಕರಡಿನಲ್ಲಿ '3 ವರ್ಷ, ಜೊತೆಗೆ ಕ್ಲಬ್ ಇಚ್ಛಿಸಿದರೆ ಇನ್ನೂ 2' ಅಂತ ಇತ್ತು. ಆ ಎರಡು ವರ್ಷ ಹುಡುಗನ ಇಚ್ಛೆ ಕೇಳುವುದಿಲ್ಲ, ಸಂಬಳವೂ ಏರುವುದಿಲ್ಲ. ಅದನ್ನು ತೆಗೆಸಿದೆವು. ಎರಡನೆಯದು ಗಾಯದ ಕಲಂ. ಆಟದಲ್ಲೋ ತರಬೇತಿಯಲ್ಲೋ ಪೆಟ್ಟಾದರೆ ಶಸ್ತ್ರಚಿಕಿತ್ಸೆ, ಫಿಸಿಯೋ ಖರ್ಚು ಯಾರದು, ಆ ತಿಂಗಳುಗಳ ಸಂಬಳ ಪೂರ್ತಿಯೋ ಅರ್ಧವೋ? ಮಂಡಿಯೊಳಗಿನ ಎಸಿಎಲ್ ಅನ್ನುವ ಕಟ್ಟು ಹರಿದರೆ ಒಂಬತ್ತು ತಿಂಗಳು ಹೋಗುತ್ತದೆ, 'ಕ್ಲಬ್ ಸೂಕ್ತ ನೆರವು ನೀಡುವುದು' ಅನ್ನುವ ಸಾಲು ಆಗ ಹೊಟ್ಟೆ ತುಂಬಿಸುವುದಿಲ್ಲ. ಮೂರನೆಯದು, ಫಾರ್ವರ್ಡ್‌ಗಳಿಗೆ ತೋರಿಸುವ ಸಿಹಿತಿಂಡಿ: ಗೋಲ್ ಬೋನಸ್. ಕೇಳಲು ಚೆಂದ, ಆದರೆ ಬೆಂಚಿನ ಮೇಲೆ ಕೂತವನಿಗೆ ಗೋಲು ಎಲ್ಲಿಂದ ಬರಬೇಕು? ಅದರ ಬದಲು ಮೈದಾನಕ್ಕೆ ಇಳಿದ ಪ್ರತಿ ಪಂದ್ಯಕ್ಕೆ ಇಷ್ಟು ಅಂತ ಕೇಳಿ. ಮೊದಲ ವರ್ಷ ಕೈಗೆ ಸಿಗುವುದು ಅದೇ.

ಬಾಯಿಮಾತಿನ ಭರವಸೆ, ಬೇರೆ ಹಾಳೆಯಲ್ಲಿ ಬರೆದುಕೊಟ್ಟ 'ಹೆಚ್ಚುವರಿ ಮೊತ್ತ' ಎರಡೂ ಬೇಡ. ನೋಂದಣಿಗೆ ಹೋಗುವ ಪ್ರತಿಯಲ್ಲಿ ಇಲ್ಲದ ದುಡ್ಡನ್ನು ಆಮೇಲೆ ದೂರು ಕೊಟ್ಟು ಪಡೆಯುವುದು ಹರಸಾಹಸ. ಪ್ರತಿ ಪುಟಕ್ಕೂ ಸಹಿಯಾದ ಒಂದು ಪ್ರತಿ ಮನೆಗೆ ಬರಲೇಬೇಕು. ಹುಡುಗ ಅಪ್ರಾಪ್ತನಾದ್ದರಿಂದ ಪೋಷಕರ ಸಹಿಯೂ ಇರಬೇಕು. ಎರಡು ತಿಂಗಳ ಸಂಬಳ ಬಾಕಿಯಾದರೆ ಲಿಖಿತ ನೋಟಿಸ್ ಕೊಟ್ಟು 15 ದಿನ ಕಾದು ಒಪ್ಪಂದದಿಂದ ಹೊರಬರಲು ಫಿಫಾ ನಿಯಮದಲ್ಲಿ ದಾರಿ ಇದೆ. ನಮಗೆ ಬೇಕಾಗಲಿಲ್ಲ, ಗೊತ್ತಿರಲಿ.

ನಾವು ಸೇರಿಸಲು ಹೇಳಿದ ಒಂದೇ ಸಾಲು ಪರೀಕ್ಷೆಯ ರಜೆಯದ್ದು. ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್‌ನಲ್ಲಿ, ಲೀಗ್‌ಗಳ ಬಿಸಿಯೂ ಆಗಲೇ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ ಮಾರ್ಚ್ ತಪ್ಪಿದರೆ ಎರಡನೆಯದನ್ನು ಬರೆಯಬಹುದು. ಆದರೆ 75 ಶೇಕಡಾ ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಕ್ಲಬ್‌ನ ಲೆಟರ್‌ಹೆಡ್‌ನಲ್ಲಿ ತರಬೇತಿ ದಿನಗಳ ಪತ್ರ ಪ್ರತಿ ತಿಂಗಳೂ ಕಾಲೇಜಿಗೆ ಹೋಗಲಿ. ಫೆಬ್ರುವರಿಯಲ್ಲಿ ಒಟ್ಟಿಗೆ ಹತ್ತು ಪತ್ರ ಒಯ್ದರೆ ಪ್ರಾಂಶುಪಾಲರು ನಂಬುವುದಿಲ್ಲ.

ಜನವರಿಯ ಮೊದಲ ವಾರ ಸಿಆರ್‌ಎಸ್‌ನಲ್ಲಿ 'ಅಮೆಚೂರ್' (ಹವ್ಯಾಸಿ) ಹೋಗಿ 'ಪ್ರೊಫೆಷನಲ್' ಬಂತು. ಮೊದಲ ಸಂಬಳ ಮಾತ್ರ ಬರಲಿಲ್ಲ. ಬ್ಯಾಂಕ್ ಖಾತೆಯಲ್ಲಿ ಮತ್ತೆ ಆ ಇನಿಷಿಯಲ್! ಪಾಸ್‌ಬುಕ್ ಸರಿಯಾಗಲು ಮೂರು ವಾರ. ಸಂಬಳ ಬಂದಾಗ 10 ಶೇಕಡಾ ಕಡಿತವಾಗಿತ್ತು. ಅದು ಟಿಡಿಎಸ್, ಪ್ಯಾನ್ ಕೊಡದಿದ್ದರೆ ಇನ್ನೂ ಹೆಚ್ಚು ಹಿಡಿಯುತ್ತಾರೆ. ಅಪ್ರಾಪ್ತನ ಆದಾಯ ತಂದೆತಾಯಿಯ ಆದಾಯಕ್ಕೆ ಸೇರುತ್ತದೆ ಅಂತ ಯಾರೋ ಹೆದರಿಸಿದ್ದರು. ತನ್ನ ಪ್ರತಿಭೆ, ಕೌಶಲದಿಂದ ಮಗು ದುಡಿದದ್ದಕ್ಕೆ ಅದು ಅನ್ವಯಿಸುವುದಿಲ್ಲ. ಅವನ ಹೆಸರಿನಲ್ಲೇ ರಿಟರ್ನ್ ಹಾಕಿದರೆ ಕಡಿತವಾದದ್ದು ವಾಪಸ್ ಬರುತ್ತದೆ, ನಮಗೆ ಬಂತು.

ಇನ್ನು ಆಟ. ಫೆಬ್ರುವರಿಯಿಂದ ಮೇವರೆಗೆ ಸೀನಿಯರ್ ತಂಡದಲ್ಲಿ ಒಟ್ಟು 31 ನಿಮಿಷ. ಇದಕ್ಕೆ ಹುಡುಗನ ಮೇಲೆ ಸಿಟ್ಟಾಗುವ ಮುಂಚೆ ಭಾರತದ ಲೀಗ್‌ಗಳ ಲೆಕ್ಕ ನೋಡಿ. ಐಎಸ್‌ಎಲ್‌ನಲ್ಲಿ ಒಂದು ತಂಡ ಮೈದಾನದಲ್ಲಿ ನಾಲ್ವರು ವಿದೇಶಿಯರನ್ನು ಇಳಿಸಬಹುದು, ಅವರಲ್ಲಿ ಒಬ್ಬ ಬಹುಪಾಲು ಸಲ ಸ್ಟ್ರೈಕರ್. ಭಾರತದ ಫಾರ್ವರ್ಡ್ ಅಂಚಿಗೆ ಸರಿಯುತ್ತಾನೆ. ಸುನಿಲ್ ಚೆಟ್ರಿ ಕೂಡ ವಿದೇಶಿ ಸ್ಟ್ರೈಕರ್ ಮಿಕು ಇದ್ದ ಕಾಲದಲ್ಲಿ ಬೆಂಗಳೂರು ಎಫ್‌ಸಿಗೆ ಎಡಬದಿಯಿಂದ ಆಡಿದವರು. ವಿಂಗ್‌ನಲ್ಲಿ ಆಡುವುದನ್ನು ಶಿಕ್ಷೆ ಅಂತ ತಿಳಿಯುವ ಹುಡುಗ ಬೆಂಚಿನಲ್ಲೇ ಉಳಿಯುತ್ತಾನೆ.

ಆ ನಡುವೆ ಹ್ಯಾಮ್‌ಸ್ಟ್ರಿಂಗ್ ಗಾಯ. ತಣ್ಣಗೆ ಕೂತಿದ್ದವನನ್ನು 80ನೇ ನಿಮಿಷಕ್ಕೆ ಇಳಿಸಿದರು, ಮೂರನೇ ಓಟಕ್ಕೆ ತೊಡೆಯ ಹಿಂಭಾಗ ಹಿಡಿದುಕೊಂಡು ಕೂತ. ಫಾರ್ವರ್ಡ್‌ಗಳ ಗಾಯ ಅಂದರೆ ಇದೇ, ಯಾಕೆಂದರೆ ನಿಂತ ಜಾಗದಿಂದ ಪೂರ್ತಿ ವೇಗಕ್ಕೆ ಹೋಗುವ ಕೆಲಸ ಅವರದ್ದೇ ಹೆಚ್ಚು. ಹತ್ತು ದಿನಕ್ಕೆ ನೋವು ಹೋಯಿತು. ನೋವು ಹೋದದ್ದು ಗಾಯ ಮಾಗಿದ ಗುರುತಲ್ಲ. ತನ್ನ ಗರಿಷ್ಠ ವೇಗದ ಹತ್ತಿರ ಹತ್ತಿರ ಹಲವು ಸಲ ಓಡಿ, ಮರುದಿನ ಬಿಗಿತ ಇಲ್ಲದಿದ್ದರೆ ಮಾತ್ರ ಪಂದ್ಯ ಅಂತ ಫಿಸಿಯೋ ಹಿಡಿದ ಪಟ್ಟು ಸರಿಯಾಗಿತ್ತು. ಈಗ ವಾರಕ್ಕೆರಡು ದಿನ ನಾರ್ಡಿಕ್ ವ್ಯಾಯಾಮ: ಮಂಡಿಯೂರಿ, ಪಾದ ಯಾರಾದರೂ ಒತ್ತಿ ಹಿಡಿದು, ಮರ ಬೀಳುವ ಹಾಗೆ ನಿಧಾನಕ್ಕೆ ಮುಂದಕ್ಕೆ ಬಾಗುವುದು. ಮೊದಲ ವಾರ ಮೈ ನೋಯುತ್ತದೆ, ಬಿಡಬಾರದು. ಬೆಂಚಿನಲ್ಲಿರುವವನು ಪ್ರತಿ ಹತ್ತು ನಿಮಿಷಕ್ಕೆ ಎದ್ದು ಗೆರೆಯ ಪಕ್ಕ ಓಡುತ್ತಿರಬೇಕು, ಕೋಚ್ ಹೇಳಲಿ ಬಿಡಲಿ.

ಜೂನ್‌ನಲ್ಲಿ ಎರಡು ಕರೆ ಬಂದವು. ಒಂದು, ಕೆಳಗಿನ ಡಿವಿಷನ್‌ನ ಕ್ಲಬ್ ಒಂದಕ್ಕೆ ಲೋನ್. ಇನ್ನೊಂದು, ಯುರೋಪಿಗೆ ಕಳಿಸುತ್ತೇನೆ ಅಂದ ಏಜೆಂಟ್. ಎರಡನೆಯದನ್ನು ಬೇಗ ಮುಗಿಸುತ್ತೇವೆ: 18 ತುಂಬದ ಆಟಗಾರನ ಅಂತರರಾಷ್ಟ್ರೀಯ ವರ್ಗಾವಣೆಯನ್ನು ಫಿಫಾ ನಿಷೇಧಿಸಿದೆ. ತಂದೆತಾಯಿ ಫುಟ್‌ಬಾಲ್‌ಗೆ ಸಂಬಂಧಿಸದ ಕಾರಣಕ್ಕೆ ದೇಶ ಬಿಟ್ಟು ಹೋಗಿದ್ದರೆ ಅನ್ನುವಂಥ ಕೆಲವೇ ವಿನಾಯಿತಿಗಳಿವೆ. 18 ತುಂಬಿದ ಮೇಲೂ ವೀಸಾ, ವರ್ಕ್ ಪರ್ಮಿಟ್ ಬೇರೆಯೇ ಗೋಡೆ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಚೆಟ್ರಿಯವರ ಮೂರು ವರ್ಷದ ಒಪ್ಪಂದ ಕುದುರಿತ್ತು. ಭಾರತ ಫಿಫಾ ರ‍್ಯಾಂಕಿಂಗ್‌ನಲ್ಲಿ ಮೊದಲ 70ರೊಳಗೆ ಇಲ್ಲ ಅಂತ ಬ್ರಿಟನ್ ವರ್ಕ್ ಪರ್ಮಿಟ್ ಕೊಡಲಿಲ್ಲ. ದೇಶದ ಅತ್ಯುತ್ತಮ ಫಾರ್ವರ್ಡ್‌ಗೇ ಹಾಗಾಗಿದೆ. ಏಜೆಂಟ್ ಅನ್ನುವವರಿಗೆ ಫಿಫಾ ಲೈಸೆನ್ಸ್ ಇರಬೇಕು, ಅಪ್ರಾಪ್ತನ ಜೊತೆ ಮಾತಾಡುವ ಮುಂಚೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಲೈಸೆನ್ಸ್ ನಂಬರು ಕೇಳಿದ ಮೇಲೆ ಆ ಮನುಷ್ಯ ಮತ್ತೆ ಫೋನ್ ಮಾಡಲಿಲ್ಲ.

ಲೋನ್‌ಗೆ ಹೋಗುವುದು ಅಂದರೆ ಕೈಬಿಟ್ಟರು ಅಂತ ಮನೆಯಲ್ಲಿ ಅಳು. ಹಾಗಲ್ಲ. 18ರ ಫಾರ್ವರ್ಡ್‌ಗೆ ಬೇಕಾದದ್ದು ಮೈದಾನದಲ್ಲಿ ಆಡುವ ನಿಮಿಷ, ವಾರಕ್ಕೊಂದು ಪಂದ್ಯ, ತಪ್ಪು ಮಾಡಲು ಜಾಗ. ಸಂಬಳ ಮೂಲ ಕ್ಲಬ್ ಎಷ್ಟು, ಲೋನ್ ಕ್ಲಬ್ ಎಷ್ಟು ಕೊಡುತ್ತದೆ ಅಂತ ಲಿಖಿತವಾಗಿರಲಿ. ಹುಡುಗನ ಸಹಿಯಿಲ್ಲದೆ ಲೋನ್ ಆಗದು. ಅದರ ಜೊತೆ ಒಂದು ಲೆಕ್ಕ ನೆನಪಿಡಿ: ಒಂದು ಸೀಸನ್‌ನಲ್ಲಿ ಮೂರು ಕ್ಲಬ್‌ಗೆ ನೋಂದಣಿಯಾಗಬಹುದು, ಆದರೆ ಅಧಿಕೃತ ಪಂದ್ಯ ಆಡಬಹುದಾದದ್ದು ಎರಡಕ್ಕೆ ಮಾತ್ರ. ಅಧಿಕೃತ ಪಂದ್ಯದಲ್ಲಿ ಒಂದೇ ನಿಮಿಷ ಇಳಿದಿದ್ದರೂ ಆ ಕ್ಲಬ್ ಲೆಕ್ಕಕ್ಕೆ ಬಂತು. ಸೀಸನ್ ಶುರುವಾದ ವಾರ 'ಸುಮ್ಮನೆ ಒಂದು ಪಂದ್ಯಕ್ಕೆ' ಗೆಳೆಯರ ಕ್ಲಬ್‌ಗೆ ಆಡಿ ಲೋನ್ ಕೆಡಿಸಿಕೊಂಡ ಹುಡುಗರಿದ್ದಾರೆ.

ಲೋನ್ ಕ್ಲಬ್‌ನಲ್ಲಿ ಇದುವರೆಗೆ ಆರು ಪಂದ್ಯ, ಎರಡು ಗೋಲು. ಎರಡೂ ಗೋಲ್‌ಕೀಪರ್ ತಡೆದು ಚಿಮ್ಮಿದ ಚೆಂಡು, ಆರು ಗಜದೊಳಗಿನಿಂದ. ಹೈಲೈಟ್ಸ್‌ಗೆ ಹಾಕುವಂಥದ್ದಲ್ಲ, ಕೋಚ್‌ಗೆ ಮಾತ್ರ ಬಲು ಖುಷಿ.

ಸೆಪ್ಟೆಂಬರ್ 8ಕ್ಕೆ 18 ತುಂಬಿತು. ಮರುವಾರ ಎಟಿಎಂನಲ್ಲಿ ದುಡ್ಡು ಬರಲಿಲ್ಲ. ಅಪ್ರಾಪ್ತನ ಖಾತೆ ಪ್ರಾಪ್ತನಾದ ದಿನ ಸ್ಥಗಿತವಾಗುತ್ತದೆ, ಹೊಸ ಕೆವೈಸಿ ಕೊಟ್ಟು ಅವನದೇ ಸಹಿ ದಾಖಲಿಸಬೇಕು. ಅಪ್ರಾಪ್ತರ ಪ್ಯಾನ್ ಕಾರ್ಡಿನಲ್ಲಿ ಫೋಟೋ, ಸಹಿ ಇರುವುದಿಲ್ಲ, ಅದಕ್ಕೂ ಹೊಸ ಅರ್ಜಿ. ಹುಟ್ಟುಹಬ್ಬದ ತಿಂಗಳ ಮೊದಲೇ ಎರಡು ತಿಂಗಳ ಖರ್ಚಿಗೆ ದುಡ್ಡು ತೆಗೆದಿಡುವುದು ಒಳ್ಳೆಯದು. ಚಿಕ್ಕಂದಿನ ಪಾಸ್‌ಪೋರ್ಟಿನ ಅವಧಿಯೂ ಅಂದೇ ಮುಗಿದಿತ್ತು. 15ರಿಂದ 18ರ ನಡುವೆ ಮಾಡಿಸುವವರು 1500 ರೂಪಾಯಿಯ ಹತ್ತು ವರ್ಷದ್ದನ್ನೇ ಆರಿಸಿಕೊಂಡರೆ ಈ ಓಡಾಟ ಇಲ್ಲ. ನಾವು 1000 ರೂಪಾಯಿಯದ್ದು ಮಾಡಿಸಿ 500 ಉಳಿಸಿದ್ದೆವು.

ಬ್ಯಾಂಕ್ ಆಯಿತು, ಪ್ಯಾನ್ ಬಂತು. ಪಾಸ್‌ಪೋರ್ಟ್ ಅರ್ಜಿ ಹೋದ ವಾರ ಹಾಕಿದ್ದೇವೆ, ಇನಿಷಿಯಲ್ ಬಿಡಿಸಿ, ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಇದ್ದ ಹಾಗೆಯೇ. ಪೊಲೀಸ್ ವೆರಿಫಿಕೇಷನ್ ಬಾಕಿ ಇದೆ.